ಕಾಖಂಡಕಿಗೆ ಬರಬೇಕಾದ ಹೊಸ ಪುಸ್ತಕ

ಸಾರ್ವಜನಿಕ ಗ್ರಂಥಾಲಯವೊಂದನ್ನು ಅಳೆಯಬೇಕಾದಾಗ ಅಲ್ಲಿ ಒಟ್ಟು ಎಷ್ಟು ಪುಸ್ತಕಗಳಿವೆ ಎಂದು ಕೇಳುವುದು ರೂಢಿಯಾಗಿದ್ದರೂ, ಅದಕ್ಕಿಂತ ಹೆಚ್ಚಿನದನ್ನು ತಿಳಿಸುವ ಪ್ರಶ್ನೆ ಇನ್ನೊಂದಿದೆ. ಇತ್ತೀಚೆಗೆ ಅಲ್ಲಿಗೆ ಯಾವ ಹೊಸ ಪುಸ್ತಕ ಬಂತು, ಅದು ಯಾರ ಬೇಡಿಕೆಯಿಂದ ಬಂತು ಎಂಬುದೇ ಆ ಪ್ರಶ್ನೆ. ಇರುವ ಪುಸ್ತಕಗಳ ಸಂಖ್ಯೆ ಹಿಂದಿನವರ ದುಡಿಮೆಯ ಲೆಕ್ಕವಾದರೆ, ಬಂದ ಪುಸ್ತಕದ ಹೆಸರು ಇಂದಿನ ಓದುಗರ ಹಸಿವಿನ ಲೆಕ್ಕವಾಗಿದೆ. ವಿಜಯಪುರ ನಗರದ ಕೇಂದ್ರ ಗ್ರಂಥಾಲಯವಾಗಲಿ, ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಂಥ ಊರಿನ ಪಂಚಾಯತಿ ಗ್ರಂಥಾಲಯವಾಗಲಿ, ಈ ಎರಡನೆಯ ಲೆಕ್ಕದಿಂದಲೇ ತೂಗಲ್ಪಡಬೇಕು.

ಕಾಖಂಡಕಿಯ ಹೆಸರನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಕಾರಹುಣ್ಣಿಮೆಯ ಹೋರಿಗಳಿಗೆ ಹೆಸರಾದ ಈ ಊರು ಹರಿದಾಸ ಸಾಹಿತ್ಯವನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಮಹಿಪತಿದಾಸರಿಂದ. 17ನೆಯ ಶತಮಾನದಲ್ಲಿ ಆದಿಲಶಾಹಿ ಆಸ್ಥಾನದ ದೊಡ್ಡ ಅಧಿಕಾರದಲ್ಲಿದ್ದ ಅವರು ಆ ಪದವಿಯನ್ನು ಬಿಟ್ಟು, ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು, ಕಾಖಂಡಕಿಯಲ್ಲಿ ನೆಲೆಸಿ ಕೀರ್ತನೆಗಳನ್ನು ರಚಿಸಿದರು. ಕನ್ನಡದಲ್ಲಿ ಮಾತ್ರವಲ್ಲದೆ ಮರಾಠಿಯಲ್ಲಿಯೂ ದಖನಿ ಛಾಯೆಯ ಹಿಂದಿಯಲ್ಲಿಯೂ ಹಾಡಿದರು. ಅವರ ಮಗನೂ ಅದೇ ದಾರಿಯಲ್ಲಿ ಕೀರ್ತನಕಾರರಾದರು. ಗ್ರಂಥಾಲಯವೆಂಬ ಸಂಸ್ಥೆಯೇ ಇಲ್ಲದ ಕಾಲದಲ್ಲಿ ಈ ಪದಗಳು ಉಳಿದುಬಂದದ್ದು ಎರಡು ಆಸರೆಗಳಿಂದ: ಮನೆತನದವರು ಮಡಿಬಟ್ಟೆಯಲ್ಲಿ ಸುತ್ತಿಟ್ಟ ಹಸ್ತಪ್ರತಿಗಳ ಕಟ್ಟುಗಳು ಒಂದು, ಭಜನೆಯಲ್ಲಿ ಹಾಡಿದವರ ಕಂಠ ಇನ್ನೊಂದು. ಕಟ್ಟು ಬಿಚ್ಚದೆ ಇದ್ದರೆ ಹುಳ ತಿನ್ನುತ್ತದೆ, ಕಂಠ ನಿಂತರೆ ಪದ ಮರೆತುಹೋಗುತ್ತದೆ. ಇಷ್ಟು ದುರ್ಬಲವಾದ ಆಸರೆಗಳ ಮೇಲೆ ಒಂದು ಊರು ಶತಮಾನಗಳ ಕಾಲ ತನ್ನ ಕವಿಯನ್ನು ಕಾಪಾಡಿಕೊಂಡಿತು ಎಂಬುದು, ಆ ಊರಿಗೆ ಪುಸ್ತಕದ ಮೇಲೆ ಎಷ್ಟು ದೊಡ್ಡ ಹಕ್ಕಿದೆ ಎಂಬುದನ್ನೂ ತೋರಿಸುತ್ತದೆ.

ಮಹಿಪತಿದಾಸರು ಬಿಟ್ಟುಬಂದ ರಾಜಧಾನಿ ವಿಜಯಪುರದಲ್ಲಿ ಪುಸ್ತಕಗಳಿಗೇನೂ ಕೊರತೆ ಇರಲಿಲ್ಲ. ಮೊದಲನೆಯ ಅಲಿ ಆದಿಲಶಹನ ಪುಸ್ತಕಪ್ರೇಮವನ್ನು ಆಸ್ಥಾನದಲ್ಲಿದ್ದ ಇತಿಹಾಸಕಾರ ರಫಿಉದ್ದೀನ್ ಶಿರಾಜಿ ದಾಖಲಿಸಿದ್ದಾನೆ. ಅವನ ಪ್ರಕಾರ ಬರಹಗಾರರು, ಚಿನ್ನದ ಲೇಪ ಕೊಡುವವರು, ರಟ್ಟು ಕಟ್ಟುವವರು ಎಲ್ಲ ಸೇರಿ ಅರವತ್ತರ ಹತ್ತಿರ ಜನ ಆ ರಾಜಗ್ರಂಥಾಲಯದಲ್ಲಿ ದುಡಿಯುತ್ತಿದ್ದರು, ಮತ್ತು ಸುಲ್ತಾನ ಪ್ರಯಾಣ ಹೊರಟಾಗಲೂ ಪುಸ್ತಕದ ಪೆಟ್ಟಿಗೆಗಳು ಜೊತೆಗೆ ಹೊರಡುತ್ತಿದ್ದವು. ಅನಂತರ ಬಂದ ಎರಡನೆಯ ಇಬ್ರಾಹಿಂ ಆದಿಲಶಹನು ತಾನೇ ಸಂಗೀತಗಾರನೂ ಕವಿಯೂ ಆಗಿ ‘ಕಿತಾಬ್-ಇ-ನೌರಸ್’ ಎಂಬ ಹಾಡುಗಳ ಗ್ರಂಥವನ್ನು ರಚಿಸಿದನು. ಆದರೆ ಆ ಗ್ರಂಥಭಂಡಾರ ಎಷ್ಟೇ ಶ್ರೀಮಂತವಾಗಿದ್ದರೂ ಅದು ಅರಸನದಾಗಿತ್ತು. ಕಾಖಂಡಕಿಯ ಒಕ್ಕಲಿಗನಿಗೋ ಸಾರವಾಡದ ನೇಕಾರನಿಗೋ ಅದರ ಬಾಗಿಲು ತೆರೆದಿರಲಿಲ್ಲ. ಅರಸನ ಸ್ವತ್ತಾದದ್ದು ಅರಸೊತ್ತಿಗೆಯೊಡನೆಯೇ ಹೋಯಿತು. 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದ ಮೇಲೆಯೂ ಅಸರ ಮಹಲಿನಲ್ಲಿ ಉಳಿದಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು, ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ತನ್ನ ಊರಿನ ಪುಸ್ತಕವನ್ನು ನೋಡಲು ವಿಜಯಪುರದ ಸಂಶೋಧಕನು ಸಮುದ್ರ ದಾಟಬೇಕಾದ ಈ ಸ್ಥಿತಿ ನೋವಿನದು. ಪುಸ್ತಕ ಜನರದಾಗದ ಹೊರತು ಊರಿನಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಈ ಸೀಮೆಯಲ್ಲಿ ಬೇರೆ ಸಿಗುವುದಿಲ್ಲ.

ಜನರದನ್ನಾಗಿ ಮಾಡುವ ಕೆಲಸ ಇಲ್ಲಿ ಸರಕಾರಕ್ಕಿಂತ ಮೊದಲು ವ್ಯಕ್ತಿಗಳಿಂದ ನಡೆಯಿತು. ವಕೀಲಿ ವೃತ್ತಿಯ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ವಚನಗಳ ಓಲೆಗರಿಗಳನ್ನು ಕೂಡಿಸಿ, ಅಚ್ಚು ಮಾಡುವವರಿಲ್ಲದಾಗ 1925ರಲ್ಲಿ ತಾವೇ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದು, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನ ಹೊರಬರುವಂತೆ ಮಾಡಿದರು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆ, 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಮನೆಬಾಗಿಲಿಗೆ ಹೊಸ ಪುಸ್ತಕವನ್ನು ಕಳುಹಿಸುವ ಏರ್ಪಾಡನ್ನು ನಡೆಸಿಕೊಂಡು ಬಂತು. ಚಂದಾದಾರನೆಂದರೆ ಪುಸ್ತಕ ಅಚ್ಚಾಗುವ ಮುಂಚೆಯೇ ಅದರ ಬೆಲೆಯ ಒಂದು ಪಾಲನ್ನು ನಂಬಿಕೆಯಿಂದ ಕೊಟ್ಟಿರುವ ಓದುಗ. ಇವರೆಲ್ಲರ ಕಾಲದಲ್ಲಿ ಹೊಸ ಪುಸ್ತಕವೆಂಬುದು ಯಾರೋ ಒಬ್ಬರ ಬೆನ್ನಿನ ಮೇಲೆ, ಯಾರದೋ ಮನೆ ಅಡವಿಟ್ಟ ಹಣದಿಂದ ಬರುತ್ತಿತ್ತು. ಆ ತ್ಯಾಗ ದೊಡ್ಡದೇ. ಆದರೆ ನಾಡಿನ ಓದು ಹೀಗೆ ಕೆಲವರ ತ್ಯಾಗದ ಮೇಲೆಯೇ ಎಂದೆಂದಿಗೂ ನಿಲ್ಲಲಾಗದು.

ಆ ಭಾರವನ್ನು ಸಮಾಜವೇ ಹೊರಬೇಕೆಂಬ ವಿಚಾರಕ್ಕೆ ಕಾನೂನಿನ ರೂಪ ಕೊಟ್ಟವರಲ್ಲಿ ಮೊದಲ ಹೆಸರು ಎಸ್.ಆರ್. ರಂಗನಾಥನ್ ಅವರದು. ಗಣಿತದ ಅಧ್ಯಾಪಕರಾಗಿದ್ದು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಬೀಗ ಹಾಕಿಡುವ ವಸ್ತುವಲ್ಲ, ಬಳಕೆಯ ವಸ್ತು ಎಂಬುದರಿಂದ ಆರಂಭವಾಗುವ ಆ ಚಿಂತನೆ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದನ್ನು ಓದುವವನು ಸಿಗಬೇಕು, ಹುಡುಕಾಟದಲ್ಲಿ ಓದುಗನ ವೇಳೆ ವ್ಯರ್ಥವಾಗಬಾರದು ಎಂಬ ಹಂತಗಳನ್ನು ದಾಟಿ, ಗ್ರಂಥಾಲಯವು ಸದಾ ಬೆಳೆಯುತ್ತಿರುವ ಜೀವವೆಂಬಲ್ಲಿಗೆ ಮುಟ್ಟುತ್ತದೆ. ಬೆಳೆಯುವ ಜೀವಕ್ಕೆ ಆಹಾರ ಬೇಕು, ಆ ಆಹಾರವೇ ಹೊಸ ಪುಸ್ತಕ. ಸ್ವತಂತ್ರ ಭಾರತದಲ್ಲಿ ಮದ್ರಾಸ್ ಪ್ರಾಂತ 1948ರಲ್ಲಿ ಗ್ರಂಥಾಲಯ ಕಾಯ್ದೆ ಮಾಡಿತು. ಅಂದಿನ ಮೈಸೂರು ರಾಜ್ಯ, ಆ ವೇಳೆಗೆ ಬೆಂಗಳೂರಿನಲ್ಲಿ ನೆಲೆಸಿದ್ದ ರಂಗನಾಥನ್ ಅವರ ಮಾರ್ಗದರ್ಶನದಿಂದ, 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯನ್ನು ಅಂಗೀಕರಿಸಿ, 1966ರ ನವೆಂಬರ್ 1ರಂದು ಅದಕ್ಕೆಂದೇ ಒಂದು ಇಲಾಖೆಯನ್ನು ಹುಟ್ಟುಹಾಕಿತು.

ಈ ಕಾಯ್ದೆಯ ಜೀವಾಳ ಗ್ರಂಥಾಲಯ ಕರ. ಕರವೆಂದರೆ ಇಲ್ಲಿ ಪ್ರತ್ಯೇಕ ತೆರಿಗೆಯಲ್ಲ. ಮನೆ, ಅಂಗಡಿ, ನಿವೇಶನಗಳ ಮೇಲೆ ಸ್ಥಳೀಯ ಸಂಸ್ಥೆಗಳು ವಿಧಿಸುವ ತೆರಿಗೆಯ ಮೇಲೆ ಶೇಕಡಾ 6ರಷ್ಟು ಸೇರಿಸಿ ವಸೂಲು ಮಾಡಿ, ಗ್ರಂಥಾಲಯಗಳಿಗೆಂದೇ ತೆಗೆದಿಡಬೇಕಾದ ಮೊತ್ತ. ಇದರ ಅರ್ಥವನ್ನು ಬಹಳ ಜನ ಗಮನಿಸಿಲ್ಲ. ಗ್ರಂಥಾಲಯದ ಮೆಟ್ಟಿಲನ್ನು ಒಮ್ಮೆಯೂ ಹತ್ತದ ಮನೆಯವರೂ ತೆರಿಗೆಯ ರಸೀದಿಯಲ್ಲಿ ಈಗಾಗಲೇ ಪುಸ್ತಕದ ಬೆಲೆಯನ್ನು ಕೊಟ್ಟಿದ್ದಾರೆ. ಆದ್ದರಿಂದ ಓದುಗನು ಗ್ರಂಥಪಾಲಕರ ಮುಂದೆ ನಿಂತು ಪುಸ್ತಕ ಕೇಳುವಾಗ ಬೇಡುತ್ತಿಲ್ಲ, ತನ್ನದನ್ನು ಪಡೆಯುತ್ತಿದ್ದಾನೆ. ವಸೂಲಾದ ಕರವನ್ನು ಗ್ರಂಥಾಲಯಗಳಿಗೆ ವರ್ಗಾಯಿಸದೆ ಬಾಕಿ ಉಳಿಸಿಕೊಳ್ಳುವ ಅಭ್ಯಾಸ ರಾಜ್ಯದ ಹಲವು ಸ್ಥಳೀಯ ಸಂಸ್ಥೆಗಳಲ್ಲಿ ಬೇರೂರಿದೆ. ಇದು ಓದುಗರ ಹಣವನ್ನು ಓದುಗರಿಂದಲೇ ತಡೆಹಿಡಿದಂತೆ, ಮತ್ತು ಇದನ್ನು ಬರಿಯ ಲೆಕ್ಕಪತ್ರದ ವಿಷಯವೆಂದು ಬಿಡುವುದು ಸರಿಯಲ್ಲ.

ಹಣ ಬಂದ ಮೇಲೂ ಪುಸ್ತಕದ ದಾರಿ ಉದ್ದವೇ. ಕನ್ನಡ ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಕೊಳ್ಳುವ ಮುಖ್ಯ ಕ್ರಮಕ್ಕೆ ಸಗಟು ಖರೀದಿ ಎಂದು ಹೆಸರು. ಪ್ರಕಾಶಕರು ಒಂದು ವರ್ಷದಲ್ಲಿ ಪ್ರಕಟವಾದ ಪುಸ್ತಕಗಳನ್ನು ಸಲ್ಲಿಸುತ್ತಾರೆ, ಆಯ್ಕೆ ಸಮಿತಿ ಅವುಗಳನ್ನು ಪರಿಶೀಲಿಸುತ್ತದೆ, ಆಯ್ಕೆಯಾದ ಪುಸ್ತಕದ ನೂರಾರು ಪ್ರತಿಗಳನ್ನು ಪುಟಗಳ ಲೆಕ್ಕದಲ್ಲಿ ದರ ಕಟ್ಟಿ ಕೊಂಡು ಜಿಲ್ಲೆಗಳಿಗೆ ಹಂಚಲಾಗುತ್ತದೆ. ಕನ್ನಡದ ಸಣ್ಣ ಪ್ರಕಾಶಕರು ಬದುಕಿರುವುದು ಬಹುಮಟ್ಟಿಗೆ ಈ ಖರೀದಿಯ ಬಲದಿಂದ, ಕವನಸಂಕಲನ, ವಿಮರ್ಶೆಯಂಥ ನಿಧಾನವಾಗಿ ಮಾರಾಟವಾಗುವ ಪುಸ್ತಕಗಳು ಅಚ್ಚಾಗುವುದೂ ಇದರ ಭರವಸೆಯಿಂದ. ಆ ಉಪಕಾರವನ್ನು ಮರೆಯಬಾರದು. ಆದರೆ ಸಲ್ಲಿಕೆ, ಆಯ್ಕೆ, ಅನುದಾನ, ಹಂಚಿಕೆಗಳ ನಡುವೆ ವರ್ಷಗಳೇ ಉರುಳುವುದರಿಂದ ಹೊಸ ಪುಸ್ತಕ ಓದುಗನ ಕೈಗೆ ಬರುವ ವೇಳೆಗೆ ಅದರ ಸುತ್ತಲಿನ ಚರ್ಚೆ ಆರಿಹೋಗಿರುತ್ತದೆ. ಕೃಷ್ಣೆಯ ನೀರು ಮುಖ್ಯ ಕಾಲುವೆಯಲ್ಲಿ ತುಂಬಿ ಹರಿದರೂ ಕೊನೆಯ ಹೊಲಕ್ಕೆ ಮುಟ್ಟುವಷ್ಟರಲ್ಲಿ ಬೆಳೆ ಬಾಡಿರುವ ಕಷ್ಟವನ್ನು ಈ ಜಿಲ್ಲೆಯ ರೈತರಿಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಆಯ್ಕೆಯಾಗಿ ವಿಜಯಪುರಕ್ಕೆ ಬಂದು, ಅಲ್ಲಿಂದ ಕಾಖಂಡಕಿಗೆ ಸೇರಬೇಕಾದ ಪುಸ್ತಕದ ಗತಿಯೂ ಅದೇ.

ಇಷ್ಟಾದರೂ ಹೊಸತು ಎಂಬುದನ್ನು ಪ್ರಕಟವಾದ ವರ್ಷದಿಂದ ಮಾತ್ರ ನಿರ್ಣಯಿಸಲಾಗದು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾಡಿನ ತುಂಬ ಆ ಪುಸ್ತಕಕ್ಕಾಗಿ ಹುಡುಕಾಟ ನಡೆಯಿತು. ಆದರೆ ಅದರಲ್ಲಿರುವ 12 ಕಥೆಗಳು 1990ರಿಂದ 2023ರವರೆಗಿನ ಮೂರು ದಶಕಗಳಲ್ಲಿ ಕನ್ನಡದಲ್ಲಿಯೇ ಬರೆಯಲ್ಪಟ್ಟವು. ಅಂದರೆ ಜಗತ್ತು ಹೊಸದೆಂದು ಎತ್ತಿಕೊಂಡ ಕಥೆಗಳ ಮೂಲ ಸಂಕಲನಗಳು ಕನ್ನಡ ಓದುಗರಿಗೆ ಎಂದಿನಿಂದಲೋ ಎಟುಕುವಂತಿದ್ದವು. ಇಂಥ ವೇಳೆಯಲ್ಲಿ ಗ್ರಂಥಪಾಲಕರು ಹಳೆಯ ಸಂಕಲನಗಳನ್ನು ಹುಡುಕಿ ತೆಗೆದು, ಧೂಳು ಒರೆಸಿ, ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟರೆ ಒಂದು ರೂಪಾಯಿ ಖರ್ಚಿಲ್ಲದೆ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದಂತೆಯೇ. ಗಿರೀಶ ಕಾರ್ನಾಡರು 2018ರಲ್ಲಿ ಪ್ರಕಟಿಸಿದ ‘ರಾಕ್ಷಸ ತಂಗಡಿ’ ನಾಟಕ 1565ರ ತಾಳಿಕೋಟೆಯ ಯುದ್ಧವನ್ನು ಕುರಿತದ್ದು. ತಾಳಿಕೋಟೆ ಇರುವುದೇ ಈ ಜಿಲ್ಲೆಯಲ್ಲಿ, ಆ ಯುದ್ಧದಲ್ಲಿ ಪಾಲುಗೊಂಡ ಅಲಿ ಆದಿಲಶಹನೇ ಮೇಲೆ ಹೇಳಿದ ಪುಸ್ತಕಪ್ರೇಮಿ. ಆ ನಾಟಕದ ಪಕ್ಕದಲ್ಲಿ, ಆದಿಲಶಾಹಿ ಕಾಲದ ಪಾರಸಿ, ದಖನಿ ಕೃತಿಗಳ ಕನ್ನಡ ಅನುವಾದಗಳನ್ನು ಇಟ್ಟರೆ, ಮತ್ತೆ ಅದರ ಪಕ್ಕದಲ್ಲಿ ಮಹಿಪತಿದಾಸರ ಕೀರ್ತನೆಗಳನ್ನು ಇಟ್ಟರೆ, ಗೋಳಗುಮ್ಮಟವನ್ನು ದಿನವೂ ನೋಡುತ್ತ ಬೆಳೆದ ಹುಡುಗನಿಗೆ ತನ್ನ ಊರು ಮೊದಲ ಸಲ ಓದಿಗೆ ಸಿಕ್ಕುತ್ತದೆ. ಅನುವಾದದ ಆ ಮಹತ್ವದ ಕೆಲಸ ನಡೆದದ್ದು ಇದೇ ನಗರದ, ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರದಲ್ಲಿ ಎಂಬುದನ್ನು ನಗರದ ಓದುಗರೆಲ್ಲರೂ ತಿಳಿದಿರಬೇಕು.

ಇಂದು ನಗರದ ಗ್ರಂಥಾಲಯಗಳ ಕುರ್ಚಿಗಳನ್ನು ಬೆಳಗಿನಿಂದ ಸಂಜೆಯವರೆಗೆ ತುಂಬುವವರು ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ, ಯುವತಿಯರು. ಪೊಲೀಸ್ ಪೇದೆ, ಪಿಎಸ್‌ಐ, ಪಿಡಿಒ, ಎಫ್‌ಡಿಎ ಹುದ್ದೆಗಳ ಪರೀಕ್ಷೆಗೆ ಹಳ್ಳಿಯಿಂದ ಬಂದು ಸಣ್ಣ ಕೋಣೆಯಲ್ಲಿ ನಾಲ್ಕು ಜನರೊಡನೆ ಇರುವವನಿಗೆ ಬೆಳಕು, ಫ್ಯಾನು, ಮೌನ ಇರುವ ಜಾಗ ಇದೊಂದೇ. ಇವರು ಸಾಹಿತ್ಯ ಓದುವುದಿಲ್ಲವೆಂದು ಮೂಗು ಮುರಿಯುವ ಹಿರಿಯರಿದ್ದಾರೆ. ಆ ಮಾತು ನ್ಯಾಯವಲ್ಲ. ಮನೆಯ ಬಡತನವನ್ನು ಒಂದು ಪರೀಕ್ಷೆಯಿಂದ ದಾಟಬೇಕಾದವನಿಗೆ ಇತಿಹಾಸದ ಗೈಡು ಅನ್ನದಷ್ಟೇ ಅವಶ್ಯಕ, ಅದನ್ನು ಒದಗಿಸುವುದು ಗ್ರಂಥಾಲಯದ ಕರ್ತವ್ಯ. ಜೊತೆಗೆ ಒಂದು ಮಾತನ್ನು ಹೇಳಲೇಬೇಕು: ಬೆಂಚುಗಳೆಲ್ಲ ಪರೀಕ್ಷಾರ್ಥಿಗಳಿಗೇ ಮೀಸಲಾದರೆ ಗೃಹಿಣಿಗೆ, ವಯಸ್ಸಾದವರಿಗೆ, ಮಕ್ಕಳಿಗೆ ಅಲ್ಲಿ ತಾವು ಉಳಿಯುವುದಿಲ್ಲ, ಆದ್ದರಿಂದ ವಿಭಾಗಗಳನ್ನು ಬೇರೆ ಮಾಡುವುದೇ ದಾರಿ. ಎರವಲು ವಿಭಾಗ ಮನೆಗೆ ಪುಸ್ತಕ ಕೊಡುವುದು. ಪರಾಮರ್ಶನ ವಿಭಾಗ ನಿಘಂಟು, ವಿಶ್ವಕೋಶ, ಗ್ಯಾಸೆಟಿಯರ್‌ಗಳಂಥ ಅಲ್ಲಿಯೇ ನೋಡಬೇಕಾದ ಗ್ರಂಥಗಳದು. ನಿಯತಕಾಲಿಕ ವಿಭಾಗ ದಿನಪತ್ರಿಕೆ, ವಾರಪತ್ರಿಕೆ, ಮಾಸಪತ್ರಿಕೆಗಳದು. ಮಕ್ಕಳ ವಿಭಾಗಕ್ಕಂತೂ ಗದ್ದಲದ ಹಕ್ಕನ್ನೂ ಕೊಡಬೇಕು.

ಹಳ್ಳಿಗಳ ಮಟ್ಟಿಗೆ ದೊಡ್ಡ ಬದಲಾವಣೆ ಆದದ್ದು 2019ರ ಬಳಿಕ. ಅಲ್ಲಿಯವರೆಗೆ ಗ್ರಂಥಾಲಯ ಇಲಾಖೆಯ ಕೆಳಗಿದ್ದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ನವೆಂಬರ್‌ನಲ್ಲಿ, ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಪುಸ್ತಕದ ಕಡೆಗೆ ಸೆಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಮುಂದೆ ಈ ಗ್ರಂಥಾಲಯಗಳು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದು, ಹಲವು ಕಡೆ ಗಣಕಯಂತ್ರ, ಬಣ್ಣದ ಗೋಡೆ, ಮಕ್ಕಳ ಎತ್ತರದ ಮೇಜುಗಳನ್ನು ಕಂಡವು. ಗೋಡೆಯ ಬಣ್ಣಕ್ಕಿಂತ ಮುಖ್ಯವಾದವರು ಅಲ್ಲಿನ ಮೇಲ್ವಿಚಾರಕರು. ಕಡಿಮೆ ಸಂಬಳದಲ್ಲಿ ಬಾಗಿಲು ತೆರೆದು, ಕಸ ಗುಡಿಸಿ, ಪತ್ರಿಕೆ ಜೋಡಿಸಿ, ಮಕ್ಕಳ ಹೆಸರು ನೆನಪಿಟ್ಟುಕೊಂಡು, ಯಾವ ಮಗುವಿಗೆ ಯಾವ ಕಥೆ ಹಿಡಿಸೀತೆಂದು ಅರಿತಿರುವ ಈ ಜನರೇ ಊರಿನ ಗ್ರಂಥಾಲಯ. ಅವರಿಲ್ಲದಿದ್ದರೆ ಉಳಿಯುವುದು ಕಪಾಟು ಮಾತ್ರ.

ಕಪಾಟಿನಿಂದ ಪುಸ್ತಕವನ್ನು ಹೊರಗೆ ತರುವುದಕ್ಕಾಗಿಯೇ ಕಾರ್ಯಕ್ರಮಗಳು ಹುಟ್ಟಿದವು. ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ನಡೆಯುತ್ತದೆ, ರಂಗನಾಥನ್ ಅವರ ಜನ್ಮದಿನವಾದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ. ದೀಪ ಬೆಳಗಿಸಿ, ಅತಿಥಿಗಳು ಓದಿನ ಮಹತ್ವವನ್ನು ಹೇಳಿ, ಹಾರ ಹಾಕಿಸಿಕೊಂಡು ಹೋಗುವಷ್ಟಕ್ಕೇ ಸಪ್ತಾಹ ಮುಗಿದರೆ ಪುಸ್ತಕ ಕದಲುವುದಿಲ್ಲ. ಓದಿನ ಮಹತ್ವವನ್ನು ಹೇಳುವುದಕ್ಕಿಂತ ಓದಿ ಕೇಳಿಸುವುದು ದೊಡ್ಡದು, ಮತ್ತು ಓದಿ ಕೇಳಿಸುವ ಸಂಪ್ರದಾಯ ಈ ಸೀಮೆಗೆ ಹೊಸತಲ್ಲ: ಶ್ರಾವಣದಲ್ಲಿ ಮಠ, ಗುಡಿಗಳಲ್ಲಿ ಪುರಾಣ ಹಚ್ಚಿ, ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವುದನ್ನು ಊರಿಗೆ ಊರೇ ಕೂತು ಕೇಳಿದೆ, ಅಕ್ಷರ ಬಾರದವರೂ ಹೀಗೆ ಕೇಳಿಯೇ ಕಾವ್ಯವನ್ನು ಬಲ್ಲವರಾದರು. ಅದೇ ಕ್ರಮದಲ್ಲಿ ಕಾಖಂಡಕಿಯ ಗ್ರಂಥಾಲಯದಲ್ಲಿ ಒಂದು ಸಂಜೆ ಹೊಸ ಕಾದಂಬರಿಯ ಒಂದು ಅಧ್ಯಾಯವನ್ನು ಓದಿಸಬಹುದು, ಇನ್ನೊಂದು ಸಂಜೆ ಮಹಿಪತಿದಾಸರ ಪದವನ್ನು ಭಜನೆಯವರಿಂದ ಹಾಡಿಸಿ ಅಚ್ಚಾದ ಪಾಠದೊಡನೆ ಹೋಲಿಸಿ ನೋಡಬಹುದು. ಕಂಠದಲ್ಲಿರುವ ಪಾಠ ಪುಸ್ತಕದಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ ಅದನ್ನು ಬರೆದಿಡಬೇಕು. ಹಲಸಂಗಿಯ ಗೆಳೆಯರು ಮಾಡಿದ್ದು ಇದನ್ನೇ.

ಸೇವೆಗಳ ವಿಷಯದಲ್ಲಿ ಎರಡು ಮಾತು ಸಾಕು. 2020ರಲ್ಲಿ ಆರಂಭವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ ಮೊಬೈಲಿನಲ್ಲಿಯೇ ಪುಸ್ತಕ ಓದಬಹುದು. ಪರೀಕ್ಷೆಗೆ ಓದುವವರಿಗೆ ಇದರಿಂದ ತುಂಬ ಅನುಕೂಲವಾಗಿದೆ, ಆದರೆ ಮೊಬೈಲು ತಂದೆಯ ಕಿಸೆಯಲ್ಲಿರುವ ಮನೆಯ ಹೆಣ್ಣುಮಗಳಿಗೆ ಕಾಗದದ ಪುಸ್ತಕವೇ ಇಂದಿಗೂ ಹತ್ತಿರ. ಎರಡನೆಯದು, ಪುಸ್ತಕಗಳ ಬೆನ್ನಿನ ಮೇಲೆ ಅಂಟಿಸಿರುವ ಅಂಕಿಗಳ ವಿಷಯ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣದಲ್ಲಿ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತಾಗಿ ಒಡೆಯುತ್ತ ಹೋಗುವುದರಿಂದ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸ್ಥಾನ ಸಿಕ್ಕಿದೆ. ಈ ಒಂದು ಅಂಕಿಯನ್ನು ಶಾಲೆಯ ಮಕ್ಕಳಿಗೆ ಹೇಳಿಕೊಟ್ಟರೆ, ಆ ಪದ್ಧತಿಯಲ್ಲಿ ಪುಸ್ತಕ ಜೋಡಿಸಿರುವ ಯಾವ ದೇಶದ ಗ್ರಂಥಾಲಯಕ್ಕೆ ಹೋದರೂ ಅವರು ಕನ್ನಡದ ಕಪಾಟಿನ ಮುಂದೆ ಹೋಗಿ ನಿಲ್ಲಬಲ್ಲರು.

ದೂರದ ಹಳ್ಳಿಗೆ ಹೊಸ ಪುಸ್ತಕವನ್ನು ಬೇಗ ತಲುಪಿಸುವ ಉಪಾಯವೂ ಹಳೆಯದೇ. ಬಡೋದೆಯ ಸಯಾಜಿರಾವ್ ಗಾಯಕವಾಡರು 20ನೆಯ ಶತಮಾನದ ಆರಂಭದಲ್ಲಿಯೇ ತಮ್ಮ ಸಂಸ್ಥಾನದ ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಕಳುಹಿಸಿ, ಓದಿ ಮುಗಿದ ಮೇಲೆ ಆ ಪೆಟ್ಟಿಗೆ ಮುಂದಿನ ಹಳ್ಳಿಗೆ ಹೋಗುವಂತೆ ಮಾಡಿದ್ದರು. ವಿಜಯಪುರದ ಕೇಂದ್ರ ಗ್ರಂಥಾಲಯಕ್ಕೆ ಬಂದ ಹೊಸ ಪುಸ್ತಕಗಳಲ್ಲಿ ಒಂದು ಪೆಟ್ಟಿಗೆಯಷ್ಟು ಬಬಲೇಶ್ವರದ ಊರುಗಳಲ್ಲಿ, ಇನ್ನೊಂದು ತಿಕೋಟಾ ತಾಲ್ಲೂಕಿನ ಊರುಗಳಲ್ಲಿ ಸುತ್ತುವಂತಾದರೆ ಎರಡು ಇಲಾಖೆಗಳ ನಡುವಿನ ಗೆರೆ ಓದುಗನಿಗೆ ಅಡ್ಡ ಬರುವುದಿಲ್ಲ. ಅರಸನ ಪ್ರಯಾಣದಲ್ಲಿ ಒಮ್ಮೆ ಹೊರಟಿದ್ದ ಪುಸ್ತಕದ ಪೆಟ್ಟಿಗೆ ಈಗ ರೈತನ ಊರಿಗೆ ಹೊರಡಲು ಬಸ್ಸುಗಳಿವೆ, ರಸ್ತೆಗಳಿವೆ. ಬೇಕಾದದ್ದು ಒಂದು ಆದೇಶ ಮತ್ತು ಒಂದು ದಾಖಲೆ ಪುಸ್ತಕ.

ಇದೆಲ್ಲಕ್ಕೂ ಮೊದಲು ಓದುಗರು ಕೇಳಬೇಕು. ಬೇಡಿಕೆ ಇಲ್ಲದ ಗ್ರಂಥಾಲಯಕ್ಕೆ ಯಾರೋ ಆರಿಸಿದ್ದು ಬರುತ್ತದೆ, ಬೇಡಿಕೆ ಇರುವ ಗ್ರಂಥಾಲಯಕ್ಕೆ ಬೇಕಾದದ್ದು ಬರುವ ಸಾಧ್ಯತೆಯಾದರೂ ಇರುತ್ತದೆ. ಗುರುತಿನ ಚೀಟಿಯೊಡನೆ ಸದಸ್ಯರಾಗಿ, ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಾಶಕರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಗ್ರಂಥಪಾಲಕರಿಗೆ ಕೊಡಿ. ಊರಿನ ಹತ್ತು ಜನ ಕೂಡಿ ಅದೇ ಪುಸ್ತಕವನ್ನು ಕೇಳಿದರೆ ಗ್ರಾಮಸಭೆಯಲ್ಲಿಯೂ ಆ ಮಾತನ್ನು ಎತ್ತಿ, ನಡವಳಿಯಲ್ಲಿ ಬರೆಯಿಸಿ. ಕಾಖಂಡಕಿಯವರು ಕೇಳಬೇಕಾದ ಮೊದಲ ಪುಸ್ತಕ ಮಹಿಪತಿದಾಸರ ಕೀರ್ತನೆಗಳದೇ ಆಗಲಿ, ಎರಡನೆಯದನ್ನು ಊರಿನ ಮಕ್ಕಳು ಆರಿಸಲಿ.